ಅಪ್‌ಡೇಟ್: ಒತ್ತಿದರೆ ಬಣ್ಣ ಬದಲಾಗುವ ಚೌಕ ಸರಿಯಾಯ್ತು

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹೊಸದಾಗಿ ಓದುವವರಿಗೆ: ಸೋಮವಾರಪೇಟೆ ಹತ್ತಿರದ ನಮ್ಮ ಕಾಫಿ ತೋಟಕ್ಕೆ ಒಂದು ವೆಬ್ ಪುಟ ಮಾಡುತ್ತಿದ್ದೇನೆ. ತೋಟದ ಒಂದೊಂದು ಬ್ಲಾಕಿಗೆ (ಭಾಗಕ್ಕೆ) ಒಂದು ಹಸಿರು ಚೌಕ. ಕುಯ್ಲು ಮುಗಿದ ಬ್ಲಾಕನ್ನು ಮೇಸ್ತ್ರಿ ಒತ್ತಿದರೆ ಕೆಂಪಾಗಬೇಕು, ಮತ್ತೆ ಒತ್ತಿದರೆ ಹಸಿರು. ಆದರೆ ಮೊದಲ ಸಲ ಒತ್ತಿದಾಗ ಏನೂ ಆಗುತ್ತಿರಲಿಲ್ಲ.

ಕಾರಣ ಸಿಕ್ತು. ಚೌಕದ ಬಣ್ಣ ‘ಗ್ರೀನ್’ ಆಗಿದ್ದರೆ ಕೆಂಪು ಮಾಡು, ಇಲ್ಲದಿದ್ದರೆ (‘ಎಲ್ಸ್’) ಹಸಿರು ಮಾಡು ಅಂತ ನನ್ನ ಜಾವಾಸ್ಕ್ರಿಪ್ಟ್ ಕೋಡ್ ಇತ್ತು. ಆದರೆ ಹಸಿರು ಬಣ್ಣ ಇದ್ದದ್ದು ಸಿಎಸ್‌ಎಸ್ ಫೈಲಿನಲ್ಲಿ (ಪುಟದ ಬಣ್ಣ, ಅಂದ ಬರೆಯುವ ಬೇರೆ ಫೈಲ್). ‘ಸ್ಟೈಲ್.ಬ್ಯಾಕ್‌ಗ್ರೌಂಡ್‌ಕಲರ್’ ಓದುವುದು ಆ ಎಲಿಮೆಂಟಿನ (ಇಲ್ಲಿ ಚೌಕದ) ಮೇಲೆ ನೇರವಾಗಿ ಹಾಕಿದ ಸ್ಟೈಲ್ ಮಾತ್ರ. ಹಾಗಾಗಿ ಮೊದಲು ಸಿಗುವುದು ಖಾಲಿ ಸ್ಟ್ರಿಂಗ್, ‘ಗ್ರೀನ್’ ಅಲ್ಲ. ಕೋಡ್ ಸೀದಾ ‘ಎಲ್ಸ್’ಗೆ ಹೋಗಿ ಹಸಿರಿನ ಮೇಲೆ ಹಸಿರನ್ನೇ ಬಳಿಯುತ್ತಿತ್ತು! ಬಣ್ಣದ ಹೆಸರಿನ ಬದಲು ಹೆಕ್ಸ್ ಕೋಡ್ (#008000 ತರಹದ್ದು) ಹಾಕಿ ಹೋಲಿಸಿದರೆ ಇನ್ನೂ ತಮಾಷೆ. ಬ್ರೌಸರ್ ಅದನ್ನು ಆರ್‌ಜಿಬಿ (ಕೆಂಪು, ಹಸಿರು, ನೀಲಿಯ ಅಂಕಿಗಳು) ಮಾಡಿ ವಾಪಸ್ ಕೊಡುತ್ತೆ, ಯಾವತ್ತೂ ತಾಳೆಯಾಗಲ್ಲ.

ಈಗ ಬಣ್ಣ ಹೋಲಿಸುವ ಗೋಜೇ ಇಲ್ಲ. ಸಿಎಸ್‌ಎಸ್‌ನಲ್ಲಿ ‘ಮುಗಿದಿದೆ’ ಅಂತ ಒಂದು ಕ್ಲಾಸ್ (ಎಲಿಮೆಂಟಿಗೆ ಅಂಟಿಸುವ ಹೆಸರು), ಅದಕ್ಕೆ ಕೆಂಪು ಬಣ್ಣ. ಕ್ಲಿಕ್ ಆದಾಗ ‘ಕ್ಲಾಸ್‌ಲಿಸ್ಟ್.ಟಾಗಲ್’, ಒಂದೇ ಸಾಲು: ಕ್ಲಾಸ್ ಇಲ್ಲದಿದ್ದರೆ ಸೇರಿಸುತ್ತೆ, ಇದ್ದರೆ ತೆಗೆಯುತ್ತೆ. ಕ್ಲಾಸ್ ಸೇರಿದರೆ ಅದು ಟ್ರೂ ಕೊಡುತ್ತೆ, ತೆಗೆದರೆ ಫಾಲ್ಸ್. ಮುಗಿದ ಬ್ಲಾಕ್ ಎಷ್ಟು ಅಂತ ಎಣಿಸಲು ಅದೇ ಸಾಕು.

ಜೆಕ್ವೆರಿ (ಜಾವಾಸ್ಕ್ರಿಪ್ಟ್ ಬರೆಯುವುದನ್ನು ಸುಲಭ ಮಾಡುವ ಲೈಬ್ರರಿ) ಹಾಕಿ ಅಂದವರಿಗೆ: ಇಷ್ಟಕ್ಕೆ ಯಾಕೆ ಅಲ್ವಾ? ತೋಟದ ಒಳಗೆ ನೆಟ್‌ವರ್ಕ್ ಬರುವುದೇ ಅಪರೂಪ, ಸುಮ್ನೆ ಇನ್ನೊಂದು ಫೈಲ್ ಯಾರು ಇಳಿಸಿಕೊಳ್ಳುತ್ತಾರೆ.

ಇನ್ನು ಉಳಿದದ್ದು ಒಂದೇ. ರಿಫ್ರೆಶ್ ಮಾಡಿದರೆ ಎಲ್ಲ ಮತ್ತೆ ಹಸಿರು. ಲೋಕಲ್‌ಸ್ಟೋರೇಜ್‌ನಲ್ಲಿ (ಬ್ರೌಸರ್ ಒಳಗೇ ಮಾಹಿತಿ ಉಳಿಸುವ ಜಾಗ) ಇಟ್ಟು ನೋಡುತ್ತೇನೆ, ರೊಬಸ್ಟಾ ಕುಯ್ಲಿಗೆ ಮುಂಚೆ ಆಗಬೇಕು.