ಪದ ಬೇಕು (ತುರ್ತು): ಬಲೂನಿನಲ್ಲಿ ಹೋಗಿ ಬೀಳುವ ಕ್ಯಾಮೆರಾ ಪೆಟ್ಟಿಗೆಗೆ

ಎಲ್ಲರಿಗೂ ನಮಸ್ಕಾರ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಹಳೆಯ ಕ್ಯಾಮೆರಾ, ಹಳೆಯ ಮೊಬೈಲು ಇಟ್ಟು ಹೀಲಿಯಂ ಬಲೂನಿಗೆ ಕಟ್ಟಿ ಬಿಡುತ್ತಿದ್ದೇವೆ. ಸುಮಾರು 30 ಕಿ.ಮೀ. ಎತ್ತರದಲ್ಲಿ ಬಲೂನು ಹರಿದು, ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಯಾರದೋ ಹೊಲಕ್ಕೆ ಇಳಿಯುತ್ತದೆ. ಮೇಲೆ ಮೊಬೈಲಿಗೆ ಟವರ್ ಸಿಗುವುದಿಲ್ಲ, ಇಳಿದ ಕಡೆ ಸಿಕ್ಕರೆ ಪುಣ್ಯ. ಹಾಗಾಗಿ ಪೆಟ್ಟಿಗೆ ಮರಳಿ ಸಿಗಲು ಅದರ ಮೇಲೆ ಅಂಟಿಸುವ ಚೀಟಿಯೇ ಗತಿ. ಬರೆದಿದ್ದೇನೆ: “ಇದು ಛಾಯಾಗ್ರಹಣ ಪೇಲೋಡ್. ಬಲೂನು ಸಿಡಿದು ಕೆಳಗೆ ಬಿದ್ದಿದೆ. ಅಪಾಯವಿಲ್ಲ.” ಪೇಲೋಡಿಗೆ (ಬಲೂನು ಹೊತ್ತೊಯ್ಯುವ ಸಾಮಾನಿಗೆ) ಕನ್ನಡ ಏನು? ನಾಳೆ ಬೆಳಗ್ಗೆ ಹಾರಿಸಬೇಕು.

ಮರು: ಹೊರೆ. ಮುಗಿಯಿತು.

ಮರು: ಹೊರೆ ಸೌದೆಯದು. ಮೊದಲು ಬಲೂನು ತೆಗೆಯಿರಿ. ಪುಗ್ಗೆ ಎಂಬ ಅಚ್ಚಗನ್ನಡ ಪದ ಇರುವಾಗ ಎರವಲೇಕೆ?

ಮರು: ಪುಗ್ಗೆ ಅಚ್ಚಗನ್ನಡವೇ? ಮರಾಠಿಯ ಫುಗಾ ನೋಡಿ. ನಮ್ಮದೇ ಆಗಿದ್ದರೆ ಹಳಗನ್ನಡದ ಪಾಲು ಹಾಲಾದಂತೆ ಹುಗ್ಗೆ ಆಗಬೇಕಿತ್ತು.

ಮರು: ಪುಡಿಯೂ ಮರಾಠಿಯೋ?

ಮರು: ಪುಡಿಗೆ ಹುಡಿ ಇದೆ. ಹುಗ್ಗೆ ತೋರಿಸಿ.

ಮರು: “ಬಾಹ್ಯಾಕಾಶದಿಂದ ಬಂದ ಪೆಟ್ಟಿಗೆ” ಎಂದರೆ ಜನ ಜೋಪಾನ ಮಾಡುತ್ತಾರೆ.

ಮರು: ಬೇಡ. ಬಾಹ್ಯಾಕಾಶದ ಗಡಿ ಎಂದು ಸಾಮಾನ್ಯವಾಗಿ ಹಿಡಿಯುವುದು 100 ಕಿ.ಮೀ. 2009ರಲ್ಲಿ ಅಮೆರಿಕದ ಎಂಐಟಿ ವಿದ್ಯಾರ್ಥಿಗಳು 150 ಡಾಲರಿನೊಳಗೆ ಮಾಡಿದ ಇಂಥದೇ ಹಾರಾಟ ಮುಟ್ಟಿದ್ದು ಸುಮಾರು 93,000 ಅಡಿ, ಅಂದರೆ 28 ಕಿ.ಮೀ. ಅದು ಸ್ತರಗೋಳ, ವಾತಾವರಣದ್ದೇ ಒಂದು ಪದರ.

ಇರಲಿ, ನಿಮ್ಮ ತೊಡಕು ಪೇಲೋಡ್ ಅಲ್ಲ, “ಸಿಡಿದು”. ಸಿಡಿಯುವುದು ಪಟಾಕಿ, ಬಾಂಬು. ಗುಳ್ಳೆ, ಮಡಕೆ, ಬಲೂನು ಒಡೆಯುತ್ತವೆ. ಅಷ್ಟು ಮೇಲೆ ಗಾಳಿಯ ಒತ್ತಡ ನೆಲದ ಮಟ್ಟದ ನೂರರಲ್ಲೊಂದು ಪಾಲು, ಬಲೂನು ಉಬ್ಬಿ ಉಬ್ಬಿ ತಾಳಲಾರದೆ ಒಡೆಯುತ್ತದೆ. ಬೆಂಕಿಯಿಲ್ಲ, ಹೀಲಿಯಂ ಉರಿಯುವುದೂ ಇಲ್ಲ. ಈಗ ಹೊಲದವರ ಜಾಗದಲ್ಲಿ ನಿಂತು ನೋಡಿ: ಸುತ್ತಲೂ ಟೇಪು ಬಿಗಿದ ಬಿಳಿ ಪೆಟ್ಟಿಗೆ, ತೂತಿನಿಂದ ಇಣುಕುವ ಲೆನ್ಸು, ಮುಟ್ಟಿದರೆ ಒಳಗೇನೋ ಬೆಚ್ಚಗಿದೆ (ಚಳಿಗೆ ಬ್ಯಾಟರಿ ಸಾಯದಿರಲು ಶಾಖದ ಪೊಟ್ಟಣ ಇಟ್ಟಿರುತ್ತೀರಲ್ಲ). ಮೇಲೆ “ಸಿಡಿದು”, “ಅಪಾಯವಿಲ್ಲ”. ಕೇಳದೇ ಅಪಾಯವಿಲ್ಲ ಎನ್ನುವವನನ್ನು ಯಾರು ನಂಬುತ್ತಾರೆ? ಹೀಗೆ ಬರೆಯಿರಿ: “ಇದು ಫೋಟೋ ತೆಗೆಯುವ ಪೆಟ್ಟಿಗೆ. ಬಲೂನಿಗೆ ಕಟ್ಟಿ ಬಿಟ್ಟಿದ್ದೆವು. ಒಳಗೆ ಕ್ಯಾಮೆರಾ, ಮೊಬೈಲು ಇವೆ. ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ.”

ಮರು: ಫೋಟೋ, ಬಲೂನು, ಕ್ಯಾಮೆರಾ, ಮೊಬೈಲು, ನಂಬರು, ಫೋನು. ನಾಲ್ಕು ಸಾಲಿಗೆ ಆರು ಎರವಲು! ಇದು ಕನ್ನಡದ ಚೀಟಿಯೇ?

ಮರು: ಹೌದು. ಹೊಲದಲ್ಲಿ ನಿಂತವರು ಫೋನೇ ಮಾಡುವುದು, ದೂರವಾಣಿ ಸಂಪರ್ಕ ಸಾಧಿಸುವುದಿಲ್ಲ. ಪದ ಹುಟ್ಟಿಸುವ ಚಟಕ್ಕೆ ಇನ್ನೊಬ್ಬರ ಕ್ಯಾಮೆರಾ ಕಳೆಯಬೇಡಿ.

ಮರು: ಎಲ್ಲರಿಗೂ ಧನ್ಯವಾದ. ಪೇಲೋಡ್ ಹೋಯಿತು, ಸಿಡಿದದ್ದೂ ಹೋಯಿತು. ಪೆಟ್ಟಿಗೆ ಎಂದೇ ಬರೆದು ಅಂಟಿಸಿದ್ದೇನೆ. ಪುಗ್ಗೆ ಜಗಳ ಬೇರೆ ಎಳೆಯಲ್ಲಿ ಮುಂದುವರಿಸಿ.

ಮರು: ಪೆಟ್ಟಿಗೆ! ಅದು ಹೆಟ್ಟಿಗೆ ಆಗಿಲ್ಲವಲ್ಲ. ಪುಗ್ಗೆಯದೇನು ತಪ್ಪು?

ಮರು: ಸಂಸ್ಕೃತದ ಪೇಟಿಕಾ ನೋಡಿ.