ಪದ ಬೇಕು: ‘ಹೆಡ್‌ಲೆಸ್’ ಡೆಸ್ಕ್‌ಟಾಪ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆಪಲ್ ಡೆಸ್ಕ್‌ಟಾಪ್‌ಗಳ ಬಗ್ಗೆ ಒಂದು ಹಳೇ ಲೇಖನವನ್ನು ಅನುವಾದ ಮಾಡುತ್ತಿದ್ದೇನೆ. ರಾತ್ರಿಯೊಳಗೆ ಕಳಿಸಬೇಕು. 2006ರ ಗೋಳು ಅದು. ಒಂದು ಕಡೆ 599 ಡಾಲರಿನ ಮ್ಯಾಕ್ ಮಿನಿ. ಅಂಗೈಯಗಲದ ಡಬ್ಬಿ, ಒಳಗೆ ಗ್ರಾಫಿಕ್ಸ್ ಕಾರ್ಡ್ ಹಾಕಲು ಜಾಗವಿಲ್ಲ. ಇನ್ನೊಂದು ಕಡೆ 2,499 ಡಾಲರಿನ ಮ್ಯಾಕ್ ಪ್ರೊ. ಮನೆ ಬಳಕೆಗೆ ಸುಮ್ನೆ ದಂಡ. ನಡುವೆ ಆಗ ಇದ್ದದ್ದು ಐಮ್ಯಾಕ್ ಒಂದೇ, ಅದಕ್ಕೆ ಪರದೆ ಅಂಟಿಕೊಂಡೇ ಬರುತ್ತಿತ್ತು. ಒಳ್ಳೇ ಪರದೆ ಇದ್ದವರೂ ಇನ್ನೊಂದಕ್ಕೆ ದುಡ್ಡು ಸುರಿಯಬೇಕಿತ್ತು. ನಡುವಿನ ಬೆಲೆಗೆ ಒಂದು ‘ಹೆಡ್‌ಲೆಸ್ ಟವರ್’ (ಜೊತೆಗೆ ಮಾನಿಟರ್ ಬರದ, ನೆಟ್ಟಗೆ ನಿಲ್ಲುವ ಡಬ್ಬಿ) ಕೊಡಿ ಅಂತ ಲೇಖಕರು ಪುಟಗಟ್ಟಲೆ ಗೋಗರೆದಿದ್ದಾರೆ.

ಈ ‘ಹೆಡ್‌ಲೆಸ್’ 14 ಸಲ ಬಂದಿದೆ! ‘ತಲೆಯಿಲ್ಲದ ಕಂಪ್ಯೂಟರ್’ ಅಂದರೆ ದಡ್ಡ ಕಂಪ್ಯೂಟರ್ ಅನ್ನಿಸುತ್ತದೆ, ಅಲ್ವಾ? ‘ಲೈನಪ್’ಗೂ (ಕಂಪನಿ ಮಾರುವ ಮಾದರಿಗಳೆಲ್ಲ ಸೇರಿ) ಒಂದು ಪದ ಹೇಳಿ. ‘ಶ್ರೇಣಿ’ ಅಂತ ಬರೆದೆ. ಮೂರು ಡಬ್ಬಕ್ಕೆ ಅದು ಜಾಸ್ತಿ ಆಯಿತು.

ಮರು:
‘ಸಾಲು’ ಅನ್ನಿ, ಮುಗಿಯಿತು. ಹೆಡ್‌ಲೆಸ್‌ಗೆ ‘ಮುಂಡ’ ಇದೆಯಲ್ಲ.

ಮರು:
> ‘ಮುಂಡ’ ಇದೆಯಲ್ಲ
ಇಲ್ಲ. ಸಂಸ್ಕೃತದಲ್ಲಿ ಮುಂಡ ಅಂದರೆ ತಲೆ, ರುಂಡ ಅಂದರೆ ತಲೆ ಹೋದ ಮೈ. ಕಾಳಿಯ ಕೊರಳಿನ ಮುಂಡಮಾಲೆ ತಲೆಗಳದ್ದೇ. ಕನ್ನಡಕ್ಕೆ ಬಂದು ಎರಡೂ ಅದಲುಬದಲಾದವು. ಇಂಥ ಎಡವಟ್ಟು ಎರವಲು ನಮಗೆ ಯಾಕೆ? ಹಳಗನ್ನಡದಲ್ಲಿ ತಲೆಯಿಲ್ಲದ ಮೈಗೆ ‘ಅಟ್ಟೆ’ ಎಂಬ ಅಚ್ಚಗನ್ನಡ ಪದವೇ ಇದೆ. ಕಾಳಗದ ವರ್ಣನೆಗಳಲ್ಲಿ ಅಟ್ಟೆಗಳು ಕುಣಿಯುತ್ತವೆ. ‘ಅಟ್ಟೆಗಣಕ’ ಅನ್ನಿ.

ಮರು:
ಅಟ್ಟೆ ಅಂದರೆ ಇವತ್ತು ಚಪ್ಪಲಿಯ ಅಡಿ. ಅಷ್ಟೇ ಅಲ್ಲ, ಅಟ್ಟೆಗೆ ಸಂಸ್ಕೃತದ ಗಣಕ ಅಂಟಿಸಿದ್ದೀರಿ. ಅಚ್ಚಗನ್ನಡ ಅಂತ ಹೇಳಿ ಅರಿಸಮಾಸ ಮಾಡಿಟ್ಟಿರಲ್ಲ, ಸಾರ್!

ಮರು:
ಸರಿ, ಗಣಕದ ಬದಲು ಎಣಿಸುವ ‘ಎಣಿಕ’ ಹಾಕಿ ‘ಅಟ್ಟೆಯೆಣಿಕ’. ಈಗ ಸಮಾಸ ಸರಿಯಾಯಿತು. ಚಪ್ಪಲಿ ನೆನಪಾದವರು ನಿಘಂಟು ನೋಡಿಕೊಳ್ಳಲಿ.

ಮರು:
ಅನುವಾದ ಓದುವವರು ನಿಘಂಟು ಹಿಡಿದು ಕೂರುತ್ತಾರಾ? ಅಂಗಡಿಗೆ ಹೋದವರು ‘ಮಾನಿಟರ್ ಬೇಡ, ಸಿಪಿಯು ಒಂದೇ ಸಾಕು’ ಅನ್ನುತ್ತಾರೆ. ಅದೇ ಕನ್ನಡ. ಕುರ್ಚಿ, ಮೇಜು, ಬಸ್ಸು ಯಾವುದು ಇಲ್ಲಿ ಹುಟ್ಟಿದ್ದು?

ಮರು:
ಸಿಪಿಯು ಅಂದರೆ ಒಳಗಿನ ಚಿಪ್, ಪೆಟ್ಟಿಗೆಯಲ್ಲ. ತಪ್ಪು ಬಳಕೆ. ಇನ್ನು ಕುರ್ಚಿ, ಮೇಜಿನ ಆ ಹಳೇ ವಾದ ಬಿಡಿ. ನಮ್ಮಲ್ಲಿ ಇಲ್ಲದ ವಸ್ತುವಿಗೆ ಎರವಲು ತರುವುದು ಬೇರೆ, ಇರುವ ಪದ ಮರೆತು ತರುವುದು ಬೇರೆ.

ಮರು:
ಇರುವ ಪದ ಯಾವುದು? ಚಪ್ಪಲಿಯದ್ದಾ?

ಮರು:
ಎಲ್ಲರಿಗೂ ಥ್ಯಾಂಕ್ಸ್. ಸಮಯವಾಯಿತು, ಲೇಖನ ಕಳಿಸಿಬಿಟ್ಟೆ. ‘ಸಾಲು’ ಉಳಿಸಿಕೊಂಡೆ. ಹೆಡ್‌ಲೆಸ್‌ಗೆ ‘ಪರದೆ ಇಲ್ಲದ ಪೆಟ್ಟಿಗೆ’ ಅಂತ ಹಾಕಿದೆ.

ಮರು:
ಪರದೆ ಪಾರಸಿ. ‘ತೆರೆ’ ಅನ್ನಬಹುದಿತ್ತು.