ರೂಟರ್ ಟೇಬಲ್: ಮರ ತಳ್ಳುವ ದಿಕ್ಕು ಮತ್ತು ಸ್ವಿಚ್ಚಿನ ವಿಚಾರ

ಮಗೂ, ನಿನ್ನೆ ರಾತ್ರಿ ನೀನು ಗುಂಪಿಗೆ ಹಾಕಿದ ಚಿತ್ರವನ್ನು ನೋಡಿದೆ. ಹೊಸ ರೂಟರನ್ನು, ಅಂದರೆ ಮರ ಕೊರೆದು ಅಂಚಿಗೆ ಆಕಾರ ಕೊಡುವ ಯಂತ್ರವನ್ನು, ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು, ದೇವರ ಮನೆಯ ಬಾಗಿಲಿನ ಪಟ್ಟಿಗಳಿಗೆ ಅಂಚು ತೆಗೆಯುವ ಟೇಬಲನ್ನು ನೀನೇ ಮಾಡಬಹುದೇ ಎಂದು ಕೇಳಿದ್ದೀಯ. ಖಂಡಿತ ಮಾಡಬಹುದು. ಆದರೆ ಇದನ್ನು ಪೂರ್ತಿ ಕೇಳಿದ ಮೇಲೆಯೇ ಪ್ಲೈವುಡ್ ಕತ್ತರಿಸು.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಮರ ತಳ್ಳುವ ದಿಕ್ಕು. ಕೈಯಲ್ಲಿ ಹಿಡಿದು ಕೆಲಸ ಮಾಡುವಾಗ ಗಡಿಯಾರದ ಮುಳ್ಳಿನಂತೆ ಸುತ್ತುವ ಬಿಟ್ (ರೂಟರಿಗೆ ಸಿಕ್ಕಿಸುವ ಕೊರೆಯುವ ಅಲಗು), ಟೇಬಲ್ಲಿನ ಅಡಿಗೆ ಕಟ್ಟಿದಾಗ ಮೇಲಿನಿಂದ ನೋಡಿದರೆ ಅದಕ್ಕೆ ವಿರುದ್ಧವಾಗಿ ಸುತ್ತುತ್ತದೆ. ಆದ್ದರಿಂದ ಮರವನ್ನು ಫೆನ್ಸಿಗೆ, ಅಂದರೆ ಟೇಬಲ್ಲಿನ ಮೇಲೆ ಮರಕ್ಕೆ ಆಸರೆಯಾಗುವ ನೇರ ಪಟ್ಟಿಗೆ, ಒತ್ತಿಕೊಂಡು ಬಲಗಡೆಯಿಂದ ಎಡಗಡೆಗೇ ತಳ್ಳಬೇಕು. ಫೆನ್ಸಿಗೂ ಬಿಟ್ಟಿಗೂ ನಡುವಿನ ಸಂದಿನಲ್ಲಿ ಮರವನ್ನು ಎಂದಿಗೂ ತೂರಿಸಬೇಡ. ಹಿಂದೊಮ್ಮೆ ಕಿರಿದಾದ ತೇಗದ ಪಟ್ಟಿಯೊಂದನ್ನು ನಾನು ಹಾಗೆ ತೂರಿಸಿದ್ದೆ. ಬಿಟ್ ಅದನ್ನು ಕೈಯಿಂದ ಕಿತ್ತುಕೊಂಡು ಎಡಗಡೆಯ ಗೋಡೆಗೆ ಎಸೆಯಿತು. ಮರದ ಮೇಲೆ ಭಾರ ಹಾಕಿದ್ದ ನನ್ನ ಬಲಗೈ ಮುಂದಕ್ಕೆ ಜಾರಿ ಬಿಟ್ಟಿನಿಂದ ಎರಡು ಬೆರಳಿನಷ್ಟು ದೂರದಲ್ಲಿ ನಿಂತಿತು. ಗೋಡೆಯ ಗಾರೆ ಕಿತ್ತ ಗುರುತು ಇಂದಿಗೂ ಇದೆ, ನೀನು ಬಂದಾಗ ತೋರಿಸುತ್ತೇನೆ.

ಎರಡನೆಯದು ಸ್ವಿಚ್. ರೂಟರಿನ ಗುಂಡಿಯನ್ನು ಲಾಕ್ ಮಾಡಿ ಗೋಡೆಯ ಸ್ವಿಚ್ಚಿನಿಂದ ನಡೆಸುವ ಯೋಚನೆಯನ್ನು ದಯವಿಟ್ಟು ಬಿಡು. ಕರೆಂಟ್ ಹೋದಾಗ ನೀನು ಬಿಟ್ಟಿನ ಬಳಿಯ ಹೊಟ್ಟನ್ನು ಕೈಯಿಂದ ಸರಿಸುತ್ತಿರುತ್ತೀಯ, ಅಷ್ಟರಲ್ಲಿ ಕರೆಂಟ್ ಬಂದರೆ ಯಂತ್ರ ತಾನಾಗಿಯೇ ತಿರುಗತೊಡಗುತ್ತದೆ. ನಮ್ಮ ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕರೆಂಟ್ ಹೋದೊಡನೆ ಬಿಟ್ಟುಕೊಂಡು, ಮತ್ತೆ ಹಸಿರು ಗುಂಡಿ ಒತ್ತುವ ತನಕ ಸುಮ್ಮನಿರುತ್ತದಲ್ಲ, ಅದೇ ಗುಣವಿರುವ ನೋ-ವೋಲ್ಟ್ ಸ್ವಿಚ್ಚನ್ನು ಟೇಬಲ್ಲಿನ ಮುಂಗಾಲಿಗೆ, ಮೊಣಕಾಲಿನಿಂದಲೂ ಆರಿಸಬಹುದಾದ ಎತ್ತರದಲ್ಲಿ ಹಾಕಿಸು. ಬಿಟ್ ಬದಲಿಸುವಾಗ ಮಾತ್ರ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡು.

ಮೇಲ್ಹಲಗೆಗೆ 18 ಮಿ.ಮೀ. ಪ್ಲೈವುಡ್ ಎರಡನ್ನು ಅಂಟಿಸಿ 36 ಮಿ.ಮೀ. ಮಾಡಿಕೊಂಡು, ಸನ್ಮೈಕಾವನ್ನು ಎರಡೂ ಮುಖಕ್ಕೆ ಹಚ್ಚು. ಒಂದೇ ಮುಖಕ್ಕೆ ಹಚ್ಚಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಸೊಟ್ಟಗಾಗುತ್ತದೆ. ರೂಟರ್ ಕೂರುವ ಅಲ್ಯೂಮಿನಿಯಂ ತಗಡು ಹಲಗೆಯೊಂದಿಗೆ ಒಂದೇ ಮಟ್ಟದಲ್ಲಿರಬೇಕು. ಅದರ ನಾಲ್ಕು ಮೂಲೆಗೆ ಸ್ಕ್ರೂ ಇಟ್ಟು, ಏರಿಸಿ ಇಳಿಸಿ, ಸಂದಿನ ಮೇಲೆ ಉಗುರು ಎಳೆದು ನೋಡು. ಎಡ ಅಂಚಿನಲ್ಲಿ ಉಗುರು ಸಿಕ್ಕಿಕೊಂಡರೆ ಮರವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ, ತಡೆದ ಜಾಗದಲ್ಲಿ ಅಂಚು ಸುಟ್ಟು ಕಪ್ಪಾಗುತ್ತದೆ.

ಫೆನ್ಸಿಗಾಗಿ ನೀನು ದುಬಾರಿ ಹಳಿಗಳನ್ನು ಹುಡುಕುತ್ತಿರುವುದು ಅನಗತ್ಯ ಎಂದು ನನಗೆ ಅನಿಸುತ್ತದೆ. ಗರಗಸದ ಟೇಬಲ್ಲಿನಂತೆ ಇಲ್ಲಿ ಫೆನ್ಸ್ ಯಾವ ಅಂಚಿಗೂ ಸಮಾನಾಂತರವಾಗಿರಬೇಕಿಲ್ಲ, ಏಕೆಂದರೆ ದುಂಡಗಿನ ಬಿಟ್ಟಿಗೆ ಯಾವ ಕೋನವಾದರೂ ಒಂದೇ. ನೇರವಾದ ಪ್ಲೈವುಡ್ ಪಟ್ಟಿಗಳೆರಡನ್ನು ಮೂಲೆಮಟ್ಟ ನೋಡಿ ಜೋಡಿಸಿ, ಒಂದು ತುದಿಗೆ ಬೋಲ್ಟ್, ಇನ್ನೊಂದಕ್ಕೆ ಕ್ಲಾಂಪ್ ಹಾಕಿದರೆ ಸಾಕು. ಬಿಟ್ ನಟ್ಟನಡುವೆ ಇದ್ದರೆ ಕ್ಲಾಂಪಿನ ತುದಿಯನ್ನು 1 ಮಿ.ಮೀ. ಸರಿಸಿದಾಗ ಕೊರೆತ ಅರ್ಧ ಮಿ.ಮೀ. ಮಾತ್ರ ಬದಲಾಗುತ್ತದೆ, ಇಷ್ಟು ಸೂಕ್ಷ್ಮತೆ ಬೇರೆ ಯಾವುದರಿಂದ ಬರಬೇಕು? ಫೆನ್ಸಿನ ಹಿಂದೆ ವ್ಯಾಕ್ಯೂಮಿನ ಪೈಪಿಗೆ ಒಂದು ತೂತು ಬಿಡು, ಮಾಸ್ಕನ್ನೂ ಹಾಕಿಕೋ.

ವೇಗದ ವಿಚಾರದಲ್ಲಿ ಉದಾಸೀನ ಮಾಡಬೇಡ. 50 ಮಿ.ಮೀ. ಅಗಲದ ಬಿಟ್ ನಿಮಿಷಕ್ಕೆ 24,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 226 ಕಿ.ಮೀ. ವೇಗದಲ್ಲಿ ಓಡುತ್ತದೆ, ಅಂಥ ದೊಡ್ಡ ಬಿಟ್ಟಿಗೆ 10,000ದಿಂದ 12,000 ಸಾಕು. 12 ಮಿ.ಮೀ. ಕಾಂಡದ ಬಿಟ್ಟನ್ನು ಅರ್ಧ ಇಂಚಿನ, ಅಂದರೆ 12.7 ಮಿ.ಮೀ. ಕಾಲೆಟ್ಟಿಗೆ (ಬಿಟ್ಟಿನ ಕಾಂಡವನ್ನು ಹಿಡಿಯುವ ರೂಟರಿನ ಬಾಯಿಗೆ) ಹಾಕಬೇಡ, ಎಷ್ಟು ಬಿಗಿದರೂ ಅದು ಸರಿಯಾಗಿ ಹಿಡಿಯುವುದಿಲ್ಲ.

ಕೈಗವಸು ಬೇಡ, ಅಂಗಿಯ ತೋಳು ಮಡಚಿಕೋ. ಗೇಣುದ್ದದ ತುಂಡುಗಳನ್ನು ಕೈಯಲ್ಲಿ ಹಿಡಿದು ತಳ್ಳಬೇಡ, ಉದ್ದ ಪಟ್ಟಿಗೇ ಅಂಚು ತೆಗೆದು ಆಮೇಲೆ ಕತ್ತರಿಸು. ಟೇಬಲ್ ಸಿದ್ಧವಾದ ಮೇಲೆ, ಪ್ಲಗ್ ಹಾಕುವ ಮೊದಲು, ಬಿಟ್ ಮತ್ತು ಫೆನ್ಸ್ ಎರಡೂ ಕಾಣುವಂತೆ ಮೇಲಿನಿಂದ ಒಂದು ಚಿತ್ರ ತೆಗೆದು ನನಗೆ ಕಳುಹಿಸು.